ಎಡಕೊಂಬಿನ ನೇರಳೆ ಚುಕ್ಕೆ

ಮಂಗಳವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ 9.20ಕ್ಕೆ ಬೇಕರಿ ಯಜಮಾನರು ಠಾಣೆಯ ಮೆಟ್ಟಿಲು ಹತ್ತಿದರು. ಅಂಗಿಯ ತೋಳಿನ ತುಂಬ ಮೈದಾ ಹಿಟ್ಟು, ಕಣ್ಣಿನ ತುಂಬ ನೀರು. ಹೆಡ್ ಕಾನ್‌ಸ್ಟೆಬಲ್ ಮೀಸೆಯವರು ಕುರ್ಚಿ ಎಳೆದು ಕೂರಿಸಿದರು. ಮೀಸೆಯವರಿಗೆ ಈಗ ಮೀಸೆಯಿಲ್ಲ. ಹತ್ತು ವರ್ಷದ ಹಿಂದೆಯೇ ಬೋಳಿಸಿದ್ದರೂ ಹೆಸರು ಮಾತ್ರ ಬಿಟ್ಟು ಹೋಗಿರಲಿಲ್ಲ.

"ಸಮಾಧಾನ ಮಾಡ್ಕೊಳ್ಳಿ. ಏನಾಯ್ತು?"

"ನಮ್ಮ ದೊರೆಗೆ ಅನ್ಯಾಯ ಆಗೋಯ್ತು ಸಾರ್."

"ದೊರೆ ಅಂದ್ರೆ ಯಾರು? ಮಗನಾ?"

"ಮಗನಿಗಿಂತ ಹೆಚ್ಚು. ಹೋತ."

ಮೀಸೆಯವರು ಪೆನ್ನು ಕೆಳಗಿಟ್ಟರು. "ಹೋತಕ್ಕೇನಾಯ್ತು?"

ಯಜಮಾನರು ಎಡಬಲ ನೋಡಿ ದನಿ ತಗ್ಗಿಸಿದರು. "ಯಾರೋ ಬೀಜ ಒಡೆದುಬಿಟ್ಟಿದ್ದಾರೆ."

ಮೂವತ್ತು ವರ್ಷದ ಸರ್ವಿಸಿನಲ್ಲಿ ಮೀಸೆಯವರು ಕಳ್ಳರನ್ನು, ಕುಡುಕರನ್ನು, ಸುಳ್ಳು ಸಾಕ್ಷಿಗಳನ್ನು ಬೇಕಾದಷ್ಟು ನೋಡಿದ್ದರು. ಇಂಥ ದೂರನ್ನು ನೋಡಿರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಒಳಗೆ ಹೋಗಿ ಇನ್ಸ್‌ಪೆಕ್ಟರ್ ಮೇಡಂಗೆ ವಿಷಯ ತಿಳಿಸಿದರು.

"ನಗೋದಿದ್ರೆ ಹಿಂದಿನ ಬಾಗಿಲಿಂದ ಹೋಗಿ ನಕ್ಕು ಬನ್ನಿ," ಎಂದರು ಇನ್ಸ್‌ಪೆಕ್ಟರ್. "ಆಮೇಲೆ ದೂರು ಬರ್ಕೊಳ್ಳಿ. ಒಬ್ಬರ ಪ್ರಾಣಿಗೆ ಇನ್ನೊಬ್ಬರು ಕೈಹಾಕಿದ್ರೆ ಅದು ಅಪರಾಧ. ಹೋತ ಆದ್ರೇನು, ಆನೆ ಆದ್ರೇನು?"

ಮೀಸೆಯವರು ಹೇಳಿದಂತೆಯೇ ಮಾಡಿದರು. 10.05ಕ್ಕೆ ಎಫ್‌ಐಆರ್ ದಾಖಲಾಯಿತು: ಪ್ರಾಣಿಗೆ ಅಂಗಹಾನಿ ಮಾಡಿ ಮಾಲೀಕರಿಗೆ ನಷ್ಟ ಉಂಟುಮಾಡಿದ ಪ್ರಕರಣ. ಆರೋಪಿ: ಅಪರಿಚಿತ.

"ಅಪರಿಚಿತ ಅಂತ ಯಾಕೆ ಬರೀತೀರಾ?" ಎಂದರು ಯಜಮಾನರು. "ಆಡಿನ ಅಕ್ಕ ಅಂತ ಬರೀರಿ. ನಮ್ಮ ಹಿಂದಿನ ಬೀದೀಲೇ ಕೊಟ್ಟಿಗೆ ಇದೆ. ಹೋದ ತಿಂಗಳು ಹತ್ತು ಜನರ ಮುಂದೆ ಕೂಗಾಡಿದ್ಳು. 'ಹೋತ ಕಟ್ಟಿ ಹಾಕ್ತೀಯೋ, ಇಲ್ಲ ನಾನೇ ಅದಕ್ಕೊಂದು ಗತಿ ಕಾಣಿಸ್ಲೋ' ಅಂತ."

"ಕಟ್ಟಿ ಹಾಕಿದ್ರಾ?"

"ದೊರೇನ ಕಟ್ಟಿ ಹಾಕೋಕಾಗುತ್ತಾ ಸಾರ್?" ಎಂದು ಯಜಮಾನರು ಮೂಗು ಒರೆಸಿಕೊಂಡರು.

10.50ಕ್ಕೆ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋದರು. ಪಶು ಆಸ್ಪತ್ರೆಯ ಡಾಕ್ಟರ್ ಆಗಲೇ ಬಂದಿದ್ದರು. ಬೇಕರಿಯ ಹಿಂದೆ, ಒಲೆಯ ಬಿಸಿ ತಾಗುವ ಗೋಡೆಗೆ ಒರಗಿ ದೊರೆ ಮಲಗಿತ್ತು. ಕರು ಗಾತ್ರದ ಮೈ, ಎದೆಯವರೆಗೆ ಗಡ್ಡ, ಹಿಂದಕ್ಕೆ ಬಾಗಿದ ಎರಡು ಕೊಂಬು. ತಾಯಿ ಸತ್ತ ಮರಿಗೆ ಯಜಮಾನರು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಈ ದೊರೆ ಸೊಪ್ಪಿನಷ್ಟಕ್ಕೆ ನಿಲ್ಲುವ ಆಸಾಮಿಯಲ್ಲ. ಬೀದಿಯ ಕಾರುಗಳ ಮೇಲೆ ಹತ್ತುತ್ತಿತ್ತು, ಒಣಹಾಕಿದ ಬಟ್ಟೆ ಮೇಯುತ್ತಿತ್ತು, ಗಬ್ಬು ವಾಸನೆ ಹೊತ್ತುಕೊಂಡು ಅಂಗಡಿ ಅಂಗಡಿಗೂ ನುಗ್ಗುತ್ತಿತ್ತು. ಯಜಮಾನರಿಗೆ ಮಾತ್ರ ಎಲ್ಲವೂ ತುಂಟತನ.

ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಕೈಗವಸು ಬಿಚ್ಚುತ್ತಾ ಹೇಳಿದರು: "ಎರಡು ದಿನದ ಹಿಂದೆ ಆಗಿದೆ. ರಕ್ತ ಬಂದಿಲ್ಲ, ಗಾಯ ಇಲ್ಲ. ಬೀಜ ಒಡೆಯೋ ಇಕ್ಕಳದಿಂದ ಒಳಗಿನ ನರ ಹಿಸುಕಿದ್ದಾರೆ, ಅಷ್ಟೆ."

"ಯಾರು ಬೇಕಾದ್ರೂ ಮಾಡಬಹುದಾ?"

"ಮಾಡಬಹುದು. ಆದ್ರೆ ಹೀಗೆ ಮಾಡೋಕಾಗಲ್ಲ ಮೇಡಂ. ನೋಡಿ, ಎಡಗಡೆ ಗುರುತು ಮೇಲಿದೆ, ಬಲಗಡೇದು ಅರ್ಧ ಇಂಚು ಕೆಳಗಿದೆ. ಒಂದೇ ಮಟ್ಟದಲ್ಲಿ ಹಾಕಿದ್ರೆ ಚರ್ಮಕ್ಕೆ ರಕ್ತ ಹೋಗದೆ ಕೊಳೆಯುತ್ತೆ. ಗೊತ್ತಿರೋರು ಮಾತ್ರ ಈ ಅಂತರ ಬಿಡ್ತಾರೆ. ಮೊದಲು ಮರಗಟ್ಟೋ ಇಂಜೆಕ್ಷನ್ ಕೊಟ್ಟಿದ್ದಾರೆ. ಕುತ್ತಿಗೇಲಿ ಕೂದಲು ಕತ್ತರಿಸಿ ಧನುರ್ವಾಯುವಿಗೂ ಒಂದು ಹಾಕಿದ್ದಾರೆ." ಡಾಕ್ಟರ್ ಯಜಮಾನರ ಕಡೆ ನೋಡಿ ದನಿ ತಗ್ಗಿಸಿದರು. "ನಿಜ ಹೇಳಬೇಕಂದ್ರೆ, ಈ ಪ್ರಾಣಿಗೆ ಇಷ್ಟು ಆರೈಕೆ ಯಾರೂ ಮಾಡಿರಲಿಲ್ಲ."

ಪಂಚನಾಮೆ ಬರೆಯುವಾಗ ಇನ್ಸ್‌ಪೆಕ್ಟರ್ ದೊರೆಯ ಸುತ್ತ ಒಂದು ಸುತ್ತು ಬಂದರು. ಎಡಕೊಂಬಿನ ಬುಡದಲ್ಲಿ ಹುಣಸೆ ಬೀಜದಷ್ಟು ದೊಡ್ಡ ನೇರಳೆ ಚುಕ್ಕೆಯಿತ್ತು.

"ಇದೇನು?"

"ಕೇಕಿನ ಬಣ್ಣ ಇರಬೇಕು," ಎಂದರು ಯಜಮಾನರು. "ಸಿಕ್ಕಿದ್ದಕ್ಕೆಲ್ಲ ಮೂತಿ ಹಾಕ್ತಾನೆ."

ಇನ್ಸ್‌ಪೆಕ್ಟರ್ ಒದ್ದೆ ಬಟ್ಟೆಯಿಂದ ಉಜ್ಜಿದರು. ಬಣ್ಣ ಹೋಗಲಿಲ್ಲ. ಅದನ್ನೂ ಪಂಚನಾಮೆಗೆ ಸೇರಿಸಿ, ಫೋಟೊ ತೆಗೆಸಿದರು.

12.15ಕ್ಕೆ ಇನ್ಸ್‌ಪೆಕ್ಟರ್, ಮೀಸೆಯವರು ಇಬ್ಬರೂ ಆಡಿನ ಅಕ್ಕನ ಕೊಟ್ಟಿಗೆಗೆ ಹೋದರು. ನಗರಸಭೆಯ ಜಾಗದಲ್ಲಿ ತಗಡಿನ ಮಾಡು, ಎದೆಮಟ್ಟದ ಗೋಡೆ. ಗೋಡೆಯ ಮೇಲೆ ಹೊಸದಾಗಿ ಎರಡು ಸಾಲು ಇಟ್ಟಿಗೆ, ಅದರ ಮೇಲೆ ಹಳೆ ಮಂಚದ ಜಾಲರಿ. ಒಳಗೆ ಹನ್ನೆರಡು ಆಡು. ಗುಡಿಸಿದ ನೆಲ, ಸಾಲಾಗಿ ಬೋರಲು ಹಾಕಿದ ಹಾಲಿನ ಕ್ಯಾನುಗಳು. ಐವತ್ತರ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೇವು ಕತ್ತರಿಸುತ್ತಿದ್ದರು. ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು.

ಇನ್ಸ್‌ಪೆಕ್ಟರ್ ಕಣ್ಣು ಮೊದಲು ಹೋದದ್ದು ಆಡುಗಳ ಕೊಂಬಿಗೆ. ಹನ್ನೆರಡಕ್ಕೂ ಎಡಕೊಂಬಿನ ಬುಡದಲ್ಲಿ ನೇರಳೆ ಚುಕ್ಕೆ. ಕೆಲವು ಮಾಸಿದ್ದವು, ಕೆಲವು ಹೊಸವು.

ಮೀಸೆಯವರ ಮುಖ ಸಣ್ಣದಾಯಿತು.

"ಬೇಕರಿಯವರ ಹೋತದ ವಿಷಯ ಗೊತ್ತಾ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಬೀದಿಗೆಲ್ಲ ಗೊತ್ತು. ನಾನಂತೂ ಅಳಲಿಲ್ಲ."

"ಅದರಿಂದ ನಿಮಗೇನು ತೊಂದರೆ?"

ಅಕ್ಕ ಕತ್ತಿ ಕೆಳಗಿಟ್ಟರು. "ತೊಂದರೇನಾ? ಬನ್ನಿ ಇಲ್ಲಿ." ಮೂಲೆಯಲ್ಲಿ ಬೇರೆಯಾಗಿ ಕಟ್ಟಿದ್ದ ಸಣ್ಣ ಆಡಿನ ಬೆನ್ನು ಸವರಿದರು. "ಇವಳು ಪುಟ್ಟಿ. ಏಳು ತಿಂಗಳು. ಮೊನ್ನೆ ಮೊದಲ ಸಲ ಬೆದೆಗೆ ಬಂದಳು. ಇನ್ನೂ ಆರು ತಿಂಗಳು ಹೋತದ ಹತ್ತಿರ ಬಿಡಬಾರದು, ಮೈ ಬಲೀಬೇಕು. ಇವಳ ಅಕ್ಕಂದಿರು ಇಬ್ಬರಿದ್ರು. ಆ ದೊರೆ ಗೋಡೆ ಹಾರಿ ಬಂದ. ಎಳೆ ಮೈಯಲ್ಲಿ ಗಬ್ಬ ನಿಂತ್ವು. ಒಬ್ಬಳು ಈಯೋಕಾಗದೆ ಸತ್ತಳು. ಇನ್ನೊಬ್ಬಳು ಮರಿ ಅರ್ಧ ಹೊರಗೆ ಬಂದು ಸಿಕ್ಕಿಹಾಕ್ಕೊಂಡು, ಇಡೀ ದಿನ ಕೂಗಿ ಕೂಗಿ ಸತ್ತಳು. ಎರಡು ಸಾಲು ಇಟ್ಟಿಗೆ ಏರಿಸಿದೆ. ಅವನಿಗೆ ಅದು ಮೆಟ್ಟಿಲಾಯ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಅವರಿಗೆ ಯಾರು ಹೇಳ್ತಾರೆ?"

"ಕೊಂಬಿನ ಮೇಲೆ ಈ ಚುಕ್ಕೆ ಏನು?"

"ಇಂಜೆಕ್ಷನ್ ಕೊಟ್ಟಿದ್ದಕ್ಕೆ ಗುರುತು. ಮತ್ತೆ ಎರಡು ಸಲ ಕೊಡಬಾರದಲ್ಲ."

ಇನ್ಸ್‌ಪೆಕ್ಟರ್ ಫೋನಿನಲ್ಲಿ ದೊರೆಯ ಫೋಟೊ ತೋರಿಸಿದರು. ಅಕ್ಕ ನೋಡಿದರು. ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಪುಟ್ಟಿಯ ಕಿವಿ ಹಿಡಿದುಕೊಂಡರು.

"ಈ ಚುಕ್ಕೆ ಇಡೋದು ಯಾರು?"

"ನಾನೇ."

"ಹೋತಕ್ಕೂ?"

"ಹೂಂ. ನಾನೇ ಮಾಡಿದ್ದು. ಬರ್ಕೊಳ್ಳಿ."

ಕೊಟ್ಟಿಗೆಯ ಬಾಗಿಲಿಗೆ ನಗರಸಭೆಯ ನೋಟಿಸು ಅಂಟಿಸಿತ್ತು. ಮೀಸೆಯವರು ಅದನ್ನು ಗಟ್ಟಿಯಾಗಿ ಓದಿದರು. ಜಾಗದ ಗುತ್ತಿಗೆ ನವೀಕರಣ, ಹದಿನೇಳನೇ ತಾರೀಕು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಪೊಲೀಸ್ ಪ್ರಕರಣದಲ್ಲಿ ಆರೋಪಿಯಾಗಿರುವವರಿಗೆ ನವೀಕರಣವಿಲ್ಲ.

"ಇದು ಗೊತ್ತಿದ್ದೂ ಒಪ್ಕೊಳ್ತಿದ್ದೀರಾ?" ಎಂದರು ಇನ್ಸ್‌ಪೆಕ್ಟರ್. "ಹನ್ನೆರಡು ಆಡು ತಗೊಂಡು ಎಲ್ಲಿಗೆ ಹೋಗ್ತೀರಾ?"

"ಅದು ನನ್ನ ಹಣೆಬರಹ. ನೀವು ಬರ್ಕೊಳ್ಳಿ ಮೇಡಂ."

ಇನ್ಸ್‌ಪೆಕ್ಟರ್ ಬರೆದುಕೊಳ್ಳಲಿಲ್ಲ. ಜೀಪಿನಲ್ಲಿ ಮೀಸೆಯವರು ಗೊಣಗಿದರು: "ತಪ್ಪೊಪ್ಪಿಗೆ ತಾನಾಗೇ ಬಂದಿದೆ. ಕೈಗೆ ಬಂದ ತುತ್ತು ಯಾಕೆ ಬಿಡ್ತೀರಾ?"

"ಫೋಟೊ ನೋಡೋವರೆಗೂ ಯಾರು ಮಾಡಿದ್ದು ಅಂತ ಅವಳಿಗೆ ಗೊತ್ತಿರಲಿಲ್ಲ ಮೀಸೆಯವರೇ. ನೋಡಿದ ಮೇಲೆ ಗೊತ್ತಾಯ್ತು. ಮಾಡಿದೋಳಿಗೆ ಹಾಗಾಗಲ್ಲ."

ಬುಧವಾರ ಬೇಕರಿಯ ಆಸುಪಾಸಿನ ಒಂಬತ್ತು ಅಂಗಡಿಗಳಲ್ಲಿ ವಿಚಾರಣೆಯಾಯಿತು. ಯಾರೂ ಏನೂ ನೋಡಿಲ್ಲ. ಭಾನುವಾರ ಮಧ್ಯಾಹ್ನ ಬೇಕರಿಗೆ ರಜೆ, ಬೀದಿ ಖಾಲಿ. ಆ ದಿನ ಹೋತ ಟೈರ್ ಅಂಗಡಿಯ ನೆರಳಿನಲ್ಲಿ ಮಲಗಿತ್ತು ಎಂದು ಒಬ್ಬರು ಹೇಳಿದರು, ಅಷ್ಟೇ. ದೊರೆಯ ವಾಸನೆ ಬಗ್ಗೆ ಮಾತ್ರ ಒಂಬತ್ತೂ ಜನ ವಿವರವಾಗಿ ಹೇಳಿಕೆ ಕೊಟ್ಟರು.

ಗುರುವಾರ, ಹದಿನಾರನೇ ತಾರೀಕು, ಮಧ್ಯಾಹ್ನ 3.30ಕ್ಕೆ ಆಡಿನ ಅಕ್ಕನನ್ನು ಪಶು ಆಸ್ಪತ್ರೆಗೆ ಕರೆಸಲಾಯಿತು. ಡಾಕ್ಟರ್ ಮೇಜಿನ ಮೇಲೆ ಮೊಳದುದ್ದದ ಕಬ್ಬಿಣದ ಇಕ್ಕಳ ಇಟ್ಟರು.

"ಇದು ಸರಿಯಾಗಿದೆಯಾ ಅಂತ ನೋಡೋಕೆ ನಮ್ಮಲ್ಲೊಂದು ಪರೀಕ್ಷೆ ಇದೆ," ಎಂದರು ಡಾಕ್ಟರ್. ಕಾಗದವನ್ನು ಮಡಿಸಿ ನಡುವೆ ದಾರವಿಟ್ಟು, ಇಕ್ಕಳದ ಬಾಯಿಗೆ ಕೊಟ್ಟು ಒತ್ತಿದರು. ಟಕ್ ಎಂದಿತು. ಕಾಗದ ಹರಿದಿರಲಿಲ್ಲ, ಒಳಗಿನ ದಾರ ಎರಡು ತುಂಡಾಗಿತ್ತು. "ಚರ್ಮ ಉಳೀಬೇಕು, ನರ ಹೋಗಬೇಕು."

"ಈಗ ನೀವು ಮಾಡಿ," ಎಂದರು ಇನ್ಸ್‌ಪೆಕ್ಟರ್.

ಅಕ್ಕ ಇಕ್ಕಳ ಎತ್ತಿಕೊಂಡರು. ಬಲ ಮಣಿಕಟ್ಟು ನಡುಗಿತು. ಎರಡೂ ಕೈಯಿಂದ ಒತ್ತಿದರು, ಹೊಟ್ಟೆಗೆ ಆನಿಸಿ ಒತ್ತಿದರು. ಹಿಡಿ ಕೂಡಲಿಲ್ಲ. ಮೂರನೇ ಸಲ ಕಾಗದ ಹರಿಯಿತು. ದಾರ ಹಾಗೇ ಇತ್ತು.

"ಸಾಕು ಬಿಡಿ ಅಕ್ಕ."

"ಅವತ್ತು ಆಯ್ತು. ಇವತ್ತು ಕೈ ನೋಯ್ತಿದೆ."

"ಯಾರನ್ನ ಕಾಪಾಡ್ತಿದ್ದೀರಾ?"

ಅಕ್ಕ ಕಣ್ಣೊರೆಸಿಕೊಂಡು, ಹಾಲು ಕರೆಯುವ ಹೊತ್ತಾಯಿತು ಎಂದು ಎದ್ದು ಹೋದರು.

ಇನ್ಸ್‌ಪೆಕ್ಟರ್ ಡಾಕ್ಟರ್ ಕಡೆ ತಿರುಗಿದರು. "ಇಂಜೆಕ್ಷನ್ ಆದ ಮೇಲೆ ಕೊಂಬಿಗೆ ನೇರಳೆ ಚುಕ್ಕೆ ಇಡ್ತೀರಾ?"

"ಇಲ್ಲ, ನಾವು ಕಿವಿಗೆ ಓಲೆ ಹಾಕ್ತೀವಿ. ಕೊಂಬಿಗೆ ಬಣ್ಣ ಇಡೋದು ಹಳೇ ಕಾಲದ ಪದ್ಧತಿ. ನಾನು ಬಂದಾಗ ಬೀರುವಿನಲ್ಲಿ ನೇರಳೆ ಔಷಧಿಯ ಬಾಟಲಿ ಒಂದಿತ್ತು. ನನಗಿಂತ ಮುಂಚೆ ಇದ್ದ ಕಾಂಪೌಂಡರ್‌ದಂತೆ. ಮೂವತ್ತಾರು ವರ್ಷ ಇಲ್ಲೇ ಕೆಲಸ ಮಾಡಿದವರು."

ಮೀಸೆಯವರು ಕಿಟಕಿಯ ಹೊರಗೆ ನೋಡತೊಡಗಿದರು.

"ನಿಮಗೆ ಗೊತ್ತಾ ಅವರು?" ಎಂದರು ಇನ್ಸ್‌ಪೆಕ್ಟರ್.

"ಗೊತ್ತು ಮೇಡಂ. ಟೈರ್ ಅಂಗಡಿ ಹಿಂದೆ ಮನೆ." "ನಮ್ಮಮ್ಮನ ಎಮ್ಮೆ ಸಾಯೋ ಹಾಗಿದ್ದಾಗ ಎರಡು ದಿನ ನಮ್ಮನೇಲೇ ಕೂತು ಉಳಿಸಿದ್ರು. ಆ ಎಮ್ಮೆ ಹಾಲಿಂದಲೇ ನಾನು ಓದಿದ್ದು. ಬೇರೆ ಯಾರನ್ನಾದ್ರೂ ಕಳಿಸ್ತೀರಾ?"

"ಗೊತ್ತಿರೋರು ಬಂದ್ರೆ ಅವರಿಗೂ ಒಳ್ಳೇದು. ನೀವೇ ಬನ್ನಿ."

ಶುಕ್ರವಾರ ಬೆಳಿಗ್ಗೆ 7.40. ಟೈರ್ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಬಾಗಿಲು ತೆಗೆದೇ ಇತ್ತು. ಕಾಂಪೌಂಡರ್ ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದ ಮಂಚದ ಮೇಲೆ ಅವರ ಹೆಂಡತಿ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಹೊರಡೋಕೆ ತಯಾರಾಗಿದ್ದೆ," ಎಂದರು ತಾತ. "ಅವಳು ತಾನೇ ಮಾಡಿದ್ದು ಅಂದಳಂತೆ, ನಿನ್ನೆ ರಾತ್ರಿ ಕಿವಿಗೆ ಬಿತ್ತು. ನೀವು ಬರದಿದ್ರೆ ನಾನೇ ಬರ್ತಿದ್ದೆ. ಹನ್ನೊಂದು ಗಂಟೆಯೊಳಗೆ ಅವಳ ಹೆಸರು ಬಿಡಿಸ್ಬೇಕು."

"ಹೋತಕ್ಕೆ ಮಾಡಿದ್ದು ನೀವೇನಾ?"

"ನಾನೇ. ಊತ ಇಳಿದಿದೆಯಾ? ಮೇವು ತಿಂತಿದೆಯಾ?"

"ತಿಂತಿದೆ."

"ಎಡಬಲ ಒಂದೇ ಮಟ್ಟಕ್ಕೆ ಬಿದ್ದಿಲ್ಲ ತಾನೆ? ಕಣ್ಣು ಮೊದಲಿನ ಹಾಗಿಲ್ಲ, ಅದೊಂದೇ ಭಯ ಇತ್ತು."

"ಅರ್ಧ ಇಂಚು ಅಂತರ ಇದೆ ಅಂದ್ರು ಡಾಕ್ಟರ್."

ತಾತ ನಿಟ್ಟುಸಿರು ಬಿಟ್ಟರು. ಮಂಚದ ಕೆಳಗಿಂದ ಮರದ ಪೆಟ್ಟಿಗೆ ಎಳೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಇಕ್ಕಳವನ್ನೂ ನೇರಳೆ ಔಷಧಿಯ ಬಾಟಲಿಯನ್ನೂ ತಾವೇ ಕೊಟ್ಟರು. ಟೈರ್ ಅಂಗಡಿಯವರನ್ನೂ ಎದುರುಮನೆಯವರನ್ನೂ ಪಂಚರಾಗಿ ಕರೆದು 8.10ಕ್ಕೆ ಜಪ್ತಿ ಪಂಚನಾಮೆ ಮಾಡಲಾಯಿತು.

"ಯಾವಾಗ ಮಾಡಿದ್ರಿ?"

"ಭಾನುವಾರ ಎರಡೂವರೆಗೆ. ಅವನು ಇಲ್ಲೇ ನೆರಳಲ್ಲಿ ಮಲಗಿದ್ದ. ಬನ್ ಕೊಟ್ಟೆ, ಅವರ ಬೇಕರೀದೇ. ಕಾಲು ಕಟ್ಟಿದೆ. ಸೂಜಿ ಹಾಕಿ, ಟೈರ್ ಅಂಗಡಿ ಕಂಪ್ರೆಸರ್ ಶುರುವಾಗೋವರೆಗೂ ಕಾದೆ, ಅವನು ಕೂಗಿದ್ರೂ ಯಾರಿಗೂ ಕೇಳಬಾರದು ಅಂತ."

"ಕೊಂಬಿಗೆ ಚುಕ್ಕೆ ಯಾಕೆ ಇಟ್ರಿ? ಅದಿಲ್ಲದಿದ್ರೆ ನಾವು ನಿಮ್ಮ ಹತ್ತಿರ ಬರ್ತಾನೇ ಇರಲಿಲ್ಲ."

ತಾತ ತಮ್ಮ ಬಲಗೈ ನೋಡಿಕೊಂಡರು. ಕಳ್ಳತನಕ್ಕೆ ಹೋದರೂ ಆ ಕೈ ರಿಜಿಸ್ಟರಿಗೆ ಸಹಿ ಹಾಕಿಯೇ ಬರುವಂಥದ್ದು. "ಇಟ್ಟಿದ್ದು ನನಗೆ ಗೊತ್ತೇ ಇಲ್ಲ ಕಣಮ್ಮ. ಅವಳ ಆಡುಗಳಿಗೂ ಸೂಜಿ ಹಾಕೋದು ನಾನೇ. ಸೂಜಿ ತೆಗೆದ ಮೇಲೆ ಕೈ ತಾನಾಗೇ ಬಾಟಲಿಗೆ ಹೋಗುತ್ತೆ."

"ಯಾಕೆ ಮಾಡಿದ್ರಿ? ಬೇಕರಿಯವರಿಗೆ ಹೇಳಬಹುದಿತ್ತಲ್ಲ."

"ಏಳು ಸಲ ಹೇಳಿದೆ. ಏಳು ಸಲಾನೂ ಬನ್ ಕೊಟ್ಟು ಕಳಿಸಿದ್ರು. ನಗರಸಭೆಗೆ ಎರಡು ಅರ್ಜಿ ಬರೆದೆ. ಆಮೇಲೆ ಆ ಎರಡನೇ ಎಳೆ ಆಡು ನನ್ನ ಕೈಯಲ್ಲೇ ಸತ್ತಿತು. ಮರಿ ಎಳೆಯೋಕೆ ನನ್ನ ಬೆರಳಲ್ಲಿ ಕಸುವಿರಲಿಲ್ಲ. ಅವಳು ಒಂದು ಮಾತು ಅನ್ನಲಿಲ್ಲ, ನನ್ನ ಕೈಗೆ ನೀರು ಹಾಕಿದಳು. ಮೊನ್ನೆ ಪುಟ್ಟಿ ಬೆದೆಗೆ ಬಂದಿದ್ದಾಳೆ ಅಂತ ಕೇಳಿದಾಗ..."

"ಅವರು ಹೇಳಲ್ಲ, ನಾನು ಹೇಳ್ತೀನಿ," ಎಂದರು ಮಂಚದ ಮೇಲಿದ್ದ ಅಜ್ಜಿ. ಬೆಳ್ಳುಳ್ಳಿ ತಟ್ಟೆ ಪಕ್ಕಕ್ಕಿಟ್ಟರು. "ನನ್ನ ಹೊಟ್ಟೆ ಆಪರೇಷನ್ ಆಗಿತ್ತು. ನೀರು ಕುಡಿದ್ರೂ ವಾಂತಿ. ಆಸೆ ಇಟ್ಕೋಬೇಡಿ ಅಂತ ಮನೆಗೆ ಕಳಿಸಿದ್ರು. ಆಡಿನ ಹಾಲು ಒಂದೇ ನಿಂತಿದ್ದು. ಎಂಟು ತಿಂಗಳು, ಬೆಳಿಗ್ಗೆ ಆರೂವರೆಗೆ ಕ್ಯಾನು ಹಿಡ್ಕೊಂಡು ಬರ್ತಿದ್ಳು. ಒಂದು ದಿನ ತಪ್ಪಿಸಲಿಲ್ಲ. ಮಣಿಕಟ್ಟು ಮುರಿದ ದಿನಾನೂ ಎಡಗೈಯಲ್ಲಿ ಕರೆದು ತಂದಳು. ದುಡ್ಡು ಕೊಟ್ರೆ ಮುಟ್ಟಲಿಲ್ಲ. ನಿನ್ನ ಋಣ ಹೇಗೆ ತೀರಿಸ್ಲಿ ಅಂದ್ರೆ, 'ನನಗ್ಯಾಕೆ ಹೇಳ್ತೀರಾ, ಆಡಿಗೆ ಹೇಳಿ' ಅಂತಿದ್ಳು. ನೋಡಿ, ಬದುಕಿ ಕೂತಿದ್ದೀನಿ. ನನ್ನನ್ನೂ ಜಪ್ತಿ ಮಾಡ್ಕೊಳ್ಳಿ."

ಮೀಸೆಯವರು ಪೆನ್ನು ಹಿಡಿದುಕೊಂಡು ಬಾಗಿಲಾಚೆ ಹೋಗಿ ನಿಂತರು. ಈ ಸಲ ನಗುವುದಕ್ಕಲ್ಲ.

"ಕಾರಣ ಏನೇ ಇರಲಿ, ಆ ಹೋತ ಅವರು ಮಗನ ಹಾಗೆ ಸಾಕಿದ್ದು," ಎಂದರು ಇನ್ಸ್‌ಪೆಕ್ಟರ್.

"ಗೊತ್ತು. ತಪ್ಪು ತಪ್ಪೇ. ಉಪ್ಪು ತಿಂದವನು ನೀರು ಕುಡೀಲೇಬೇಕು. ಕೋರ್ಟಲ್ಲೂ ಇದನ್ನೇ ಹೇಳ್ತೀನಿ."

8.35ಕ್ಕೆ ದಸ್ತಗಿರಿ. ಕೈಕೋಳ ಹಾಕಲಿಲ್ಲ. ಮೀಸೆಯವರು ತಾತನ ಮೊಣಕೈ ಹಿಡಿದು ಜೀಪು ಹತ್ತಿಸಿದರು. ಯಾರು ಯಾರನ್ನು ಹಿಡಿದುಕೊಂಡಿದ್ದರು ಎಂದು ನೋಡಿದವರಿಗೆ ಹೇಳುವುದು ಕಷ್ಟವಿತ್ತು. 10.40ಕ್ಕೆ ಅದೇ ಮೀಸೆಯವರು ಇನ್ಸ್‌ಪೆಕ್ಟರ್ ಸಹಿ ಮಾಡಿದ ಪತ್ರ ಹಿಡಿದು ನಗರಸಭೆಗೆ ಓಡಿದರು. ಸದರಿ ಪ್ರಕರಣಕ್ಕೂ ಕೊಟ್ಟಿಗೆಯ ಹೆಂಗಸಿಗೂ ಯಾವ ಸಂಬಂಧವೂ ಇಲ್ಲ ಎಂದು ಅದರಲ್ಲಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಬೇಕರಿ ಯಜಮಾನರು ಬಂದರು. ಕೈಯಲ್ಲೊಂದು ಪೊಟ್ಟಣ. ಬೆಂಚಿನ ಮೇಲೆ ಕೂತಿದ್ದ ತಾತನ ಮುಂದೆ ಬಂದು ನಿಂತರು.

"ಒಂದು ಮಾತು ಹೇಳಿ ಮಾಡಬಾರದಿತ್ತಾ?" ಎಂದರು.

"ಹೇಳಿದ್ರೆ ಬಿಡ್ತಿದ್ರಾ?"

"ಇಲ್ಲ." ಯಜಮಾನರು ಪೊಟ್ಟಣ ಚಾಚಿದರು. "ಆ ಎಳೆ ಆಡುಗಳು ಸತ್ತಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಳ್ಳಲಿಲ್ಲ. ಕೇಸು ವಾಪಸ್ ತಗೊಳ್ಳಲ್ಲ ತಾತ, ನನ್ನ ಹೊಟ್ಟೆ ಇನ್ನೂ ಉರೀತಿದೆ. ಬನ್ ತಗೊಳ್ಳಿ."

"ಕೇಸು ನಡೀಲಿ," ಎಂದರು ತಾತ, ಬನ್ ತೆಗೆದುಕೊಳ್ಳುತ್ತಾ. "ದೊರೆಗೆ ಒಂದು ವಾರ ಒಣ ಜಾಗದಲ್ಲಿ ಮಲಗೋಕೆ ಬಿಡಿ. ನೊಣ ಕೂರಬಾರದು."

ಅಪರಾಧ ಜಾಮೀನು ಕೊಡಬಹುದಾದದ್ದು. ಆದರೆ ಜಾಮೀನುದಾರರು ಬೇಕು, ಅವರ ಹೆಸರಿನಲ್ಲಿ ಏನಾದರೂ ಕಾಗದವಿರಬೇಕು. ಮೀಸೆಯವರು ತಮ್ಮ ಹೆಸರು ಹೇಳಲು ಬಾಯಿ ತೆರೆದರು. ಇನ್ಸ್‌ಪೆಕ್ಟರ್ ಗುರಾಯಿಸಿದ ಮೇಲೆ ಬಾಯಿ ಮುಚ್ಚಿಕೊಂಡರು.

12.40ಕ್ಕೆ ಆಡಿನ ಅಕ್ಕ ಏದುಸಿರು ಬಿಡುತ್ತಾ ಬಂದರು. ಒಂದು ಕೈಯಲ್ಲಿ ಮುಚ್ಚಳದ ಸ್ಟೀಲ್ ಕ್ಯಾನು. ಇನ್ನೊಂದು ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟರು. ನಗರಸಭೆಯ ಗುತ್ತಿಗೆ ಪತ್ರ, ಐದು ವರ್ಷಕ್ಕೆ ನವೀಕರಿಸಿದ್ದು. ಸೀಲಿನ ಮಸಿ ಇನ್ನೂ ಒಣಗಿರಲಿಲ್ಲ.

"ಜಾಮೀನಿಗೆ ಇದು ಆಗುತ್ತಾ ಮೇಡಂ?"

ಇನ್ಸ್‌ಪೆಕ್ಟರ್ ಕಾಗದವನ್ನು ಎರಡು ಸಲ ಓದಿದರು. "ಆಗುತ್ತೆ."

ಅಕ್ಕ ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಸೊಟ್ಟಗೆ ಸಹಿ ಹಾಕಿದರು. ತಾತ ಎದ್ದು ನಿಂತು ಏನೋ ಹೇಳಲು ಹೋದರು.

"ನನಗ್ಯಾಕೆ ಹೇಳ್ತೀರಾ?" ಎಂದು ಅಕ್ಕ ಗದರಿದರು. "ಮನೇಲಿ ಅಜ್ಜಿ ಕಾಯ್ತಿದ್ದಾರೆ, ನಡೀರಿ. ಆಮೇಲೆ ಪುಟ್ಟಿಗೆ ಹೇಳಿ."

ಅವರು ಹೋದ ಮೇಲೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಸಮಯ, ಸ್ಥಳ, ಜಪ್ತಿ, ದಸ್ತಗಿರಿ ಎಲ್ಲ ತುಂಬಿ ಆಗಿತ್ತು. ಕೃತ್ಯದ ಉದ್ದೇಶ ಎಂಬ ಜಾಗ ಒಂದು ಖಾಲಿಯಿತ್ತು.

"ಹಳೇ ದ್ವೇಷ ಅಂತ ಬರೀಲಾ ಮೇಡಂ?" ಎಂದರು ಮೀಸೆಯವರು. "ಪ್ರಾಣಿ ಕೇಸಿಗೆಲ್ಲ ಅದನ್ನೇ ಬರೆಯೋದು."

ಇನ್ಸ್‌ಪೆಕ್ಟರ್ ಪೆನ್ನು ಇಸಿದುಕೊಂಡು ತಾವೇ ಬರೆದರು: 'ಎಂಟು ತಿಂಗಳ ಹಾಲು.' ಆಮೇಲೆ ಅಕ್ಕ ಮೇಜಿನ ಮೇಲೆ ಬಿಟ್ಟುಹೋಗಿದ್ದ ಕ್ಯಾನಿನ ಮುಚ್ಚಳ ತೆಗೆದು ಎರಡು ಲೋಟಕ್ಕೆ ಬಗ್ಗಿಸಿದರು.